ಮೂಗು ಕೇಳಿಸುವ ಮೈಕು

ಪರಊರಿನವರು ಫೋನ್ ಮಾಡಿದರೆ ನನ್ನನ್ನು ‘ಸರ್’ ಅನ್ನುತ್ತಾರೆ. ನಾನು ತಿದ್ದುವುದಿಲ್ಲ. ನನ್ನ ಗಂಟಲಲ್ಲಿರುವುದು ನನ್ನ ಗಂಡ ಶಿವಲಿಂಗಪ್ಪನವರ ದನಿ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ದನಿ ಮಾತ್ರ ಬೀಡಿಯ ಕೆಮ್ಮಿನ ಸಮೇತ ನನ್ನಲ್ಲೇ ಉಳಿದಿದೆ. ನಾನು ಒಂದು ದಿನವೂ ಬೀಡಿ ಮುಟ್ಟಿದವಳಲ್ಲ. ನನ್ನ ದನಿ ಅವರ ಸಂಗಡ ಮಣ್ಣಿಗೆ ಹೋಯಿತು. ಬದುಕಿದ್ದಾಗ ಅವರು ಅದನ್ನು ಬಳಸಿದ್ದು ಹೆಚ್ಚಾಗಿ ಚಹಾ ಕೇಳುವುದಕ್ಕೆ.

ನಮ್ಮೂರಲ್ಲಿ ಮದುವೆಯ ಅಕ್ಷತೆ ಬಿದ್ದ ಗಳಿಗೆಗೆ ಗಂಡಿನ ದನಿ ಹೆಣ್ಣಿಗೆ ಹೋಗುತ್ತದೆ, ಹೆಣ್ಣಿನದು ಗಂಡಿಗೆ ಬರುತ್ತದೆ. ಹಿಂದಿನಿಂದ ಹಾಗೇ ನಡೆದುಬಂದಿದೆ. ಹಾಗಾಗಿ ಕನ್ಯೆ ನೋಡಲು ಬಂದವರು ಬಣ್ಣ, ಜಡೆ ನೋಡುವ ಮೊದಲು ‘ನಾಕ ಮಾತು ಆಡವ್ವ’ ಅನ್ನುತ್ತಾರೆ. ಹೆಣ್ಣಿನ ಕಡೆಯವರೂ ಬಿಡುವವರಲ್ಲ, ಹುಡುಗನ ಕೈಗೆ ಅವತ್ತಿನ ಪೇಪರು ಕೊಟ್ಟು ಓದಿಸುತ್ತಾರೆ. ಪುರಸಭೆಯಲ್ಲಿ ಮೀಸೆ ಹೊತ್ತ ಸದಸ್ಯರು ಕೊಳಲಿನಂಥ ದನಿಯಲ್ಲಿ ಒಬ್ಬರ ವಂಶವನ್ನೊಬ್ಬರು ಬೈದಾಡುತ್ತಾರೆ. ಕನ್ಯಾಶಾಲೆಯ ಹೆಡ್‌ಬಾಯಿಯವರು ಗುಡುಗಿದರೆ ಆಚೆ ಓಣಿಯ ಎತ್ತುಗಳು ನಿಂತುಬಿಡುತ್ತವೆ. ಕಟ್ಟಿಗೆ ಅಡ್ಡೆಯ ದ್ಯಾಮಣ್ಣ ಎರಡು ಮದುವೆಯಾದವನು. ತೀರಿಹೋದ ಮೊದಲ ಹೆಂಡತಿಯ ದನಿ ಅವನ ಬಾಯಿಂದ ದಾಟಿ ಈಗ ಎರಡನೆಯವಳ ಬಾಯಲ್ಲಿದೆ. ಸತ್ತವಳ ಮೇಲೆ ಸಿಟ್ಟು ಬಂದು ಎರಡನೆಯವಳು ಕಿರುಚಾಡಿದರೆ, ಸತ್ತವಳೇ ತನ್ನನ್ನು ತಾನು ಬೈದುಕೊಂಡ ಹಾಗೆ ಕೇಳಿ ದ್ಯಾಮಣ್ಣ ಹೊರಗೆ ಹೋಗಿ ಕೂರುತ್ತಾನೆ.

ಮದುವೆಗೆ ಮೊದಲು ಹುಡುಗಿಯ ದನಿಯನ್ನು ಹಿಡಿದಿಟ್ಟುಕೊಳ್ಳುವುದು ತವರಿನವರ ರೂಢಿ. ನನ್ನ ಹೊಟ್ಟೆ ತುಂಬುವುದು ಅದರಿಂದಲೇ. ಕೋಗಿಲೆ ರೆಕಾರ್ಡಿಂಗ್ ಎಂಬ ಬೋರ್ಡು ಹಾಕಿದ ಒಂದೂವರೆ ಕೋಣೆ, ಒಂದು ಕಂಪ್ಯೂಟರು, ನಮ್ಮವರು ಕೊಂಡು ತಂದಿದ್ದ ಒಂದು ಕೈಮೈಕು. ಹುಡುಗಿಯರು ಬಂದು ಎರಡು ಹಾಡು ಹಾಡಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಗಂಡುಹುಡುಗರ ದನಿಯನ್ನು ಯಾರೂ ರೆಕಾರ್ಡ್ ಮಾಡಿಸುವುದಿಲ್ಲ. ಅದು ಹೇಗೂ ಸೊಸೆಯ ಬಾಯಲ್ಲಿ ಅದೇ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿರುತ್ತದಲ್ಲ.

ಆ ವರ್ಷ ನೀಲಾಂಬಿಕಾ ಬಂದಳು. ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವ ಸಾವಂತ್ರವ್ವನ ಒಬ್ಬಳೇ ಮಗಳು. ಊರಲ್ಲಿ ಯಾವ ಸಭೆಯಾದರೂ ಪ್ರಾರ್ಥನೆ ಅವಳದೇ. ಅವಳ ದನಿಗೆ ಬಂದ ವರಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಖಾನಾವಳಿಯ ಪಂಕ್ತಿ ಸಾಲುತ್ತಿರಲಿಲ್ಲ. ಕೊನೆಗೆ ಗೊತ್ತಾದದ್ದು ಮೆಣಸಿನಕಾಯಿ ಪೇಟೆಯಲ್ಲಿ ಹರಾಜಿನ ಸವಾಲು ಕೂಗುವ ಅಡಿವೆಪ್ಪನಿಗೆ. ಹುಡುಗ ಒಳ್ಳೆಯವನು, ದುಡಿಯುವವನು. ದನಿ ಮಾತ್ರ ಹರಿದ ತಗಡನ್ನು ಡಾಂಬರು ರಸ್ತೆಯ ಮೇಲೆ ಎಳೆದುಕೊಂಡು ಹೋದ ಹಾಗೆ. ಅವನನ್ನು ಸಾಕಿದ ಅಜ್ಜಿ ತುಂಗವ್ವನ ಲೆಕ್ಕ ಬೇರೆಯೇ ಇತ್ತು. ದಲಾಲಿ ಅಂಗಡಿ ಅವಳದು. ಮೊಮ್ಮಗನ ಬಾಯಲ್ಲಿ ನೀಲಾಳ ದನಿ ಬಂದು ಕೂತರೆ ಸವಾಲಿಗೆ ಸುತ್ತಲಿನ ಹತ್ತೂರ ವ್ಯಾಪಾರಿಗಳು ಮುಗಿಬೀಳುತ್ತಾರೆ ಎಂದು ಅವಳು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು.

ನೀಲಾ ನನ್ನ ಕೈಮೈಕನ್ನು ಎತ್ತಿ, ತಿರುಗಿಸಿ, ಕೊಳೆತ ಬದನೆಕಾಯಿಯನ್ನು ಇಡುವ ಹಾಗೆ ಕೆಳಗಿಟ್ಟಳು.

“ಅಕ್ಕಾರ, ಈ ಡಬ್ಬಿಯೊಳಗ ನಾ ಹಾಡಂಗಿಲ್ಲ.”

“ಯಾಕವ್ವ? ಊರಾಗಿನ ಹುಡಿಗ್ಯಾರೆಲ್ಲಾ ಇದರಾಗ ಹಾಡ್ಯಾರ.”

“ಅದಕ್ಕ ಹೇಳೂದು. ನಮ್ಮ ಸುಮಂಗಲಾಂದು ಕೇಳಿದೆ. ‘ಪ್ರಯಾಣಿಕರ ಗಮನಕ್ಕೆ’ ಅಂದಂಗ ಕೇಳತೈತಿ. ನಾ ನನ್ನ ದನಿ ಇನ್ನೊಮ್ಮೆ ನನ್ನ ಬಾಯಾಗ ಕೇಳೂದಿಲ್ಲ, ಅಕ್ಕಾರ. ಇಡೂದು ಒಂದ ಸಲ. ಚಲೋ ಮೈಕ್ ತರಸ್ರಿ.”

ಅವಳು ಹೇಳಿದ್ದು ಸುಳ್ಳಲ್ಲ. ಆ ಮೈಕಿನಲ್ಲಿ ನಮ್ಮವರು ಜಾತ್ರೆಯಲ್ಲಿ ಕಳೆದುಹೋದ ಮಕ್ಕಳನ್ನೂ, ಚುನಾವಣೆಯಲ್ಲಿ ಕಳೆದುಹೋಗಬೇಕಾದ ಅಭ್ಯರ್ಥಿಗಳನ್ನೂ ಕೂಗಿ ಕರೆದಿದ್ದರು. ನಾನು ರಫೀಕನಿಗೆ ಫೋನ್ ಮಾಡಿದೆ. ಅವನು ಹೊಳೆಯಾಚೆಯ ದೊಡ್ಡ ಪಟ್ಟಣದಲ್ಲಿ ಧ್ವನಿ ಸಾಮಾನಿನ ಅಂಗಡಿ ಇಟ್ಟವನು. ಇನ್ನೂ ಮದುವೆಯಾಗಿಲ್ಲ. ನಮ್ಮೂರಿಗೆ ಬಂದರೆ ಹೆಣ್ಣುಮಕ್ಕಳಿರುವ ಮನೆಯಲ್ಲಿ ಚಹಾ ಕುಡಿಯುವುದಿಲ್ಲ. ಎಲ್ಲಿ ಯಾರು ಹಿಂದಿನಿಂದ ಅಕ್ಕಿಕಾಳು ಎಸೆದುಬಿಡುತ್ತಾರೋ ಎಂದು ಅವನಿಗೆ ಭಯ.

ರಫೀಕ ಮೂರು ಮೈಕು ತಂದ. ಮೂರೂ ಕಂಡೆನ್ಸರ್ ಮೈಕುಗಳು. ಮೆತ್ತನೆಯ ಪೆಟ್ಟಿಗೆಯಲ್ಲಿ ಬಾಣಂತಿಯ ಕೂಸಿನಂತೆ ಮಲಗಿದ್ದವು. ಒಂದು ಬೆಳ್ಳಿ ಬಣ್ಣದ್ದು, ಉದ್ದ. ಒಂದು ಕರಿಯದು, ದಪ್ಪ, ಜಾಳಿಗೆಯ ಒಳಗೆ ಚಿನ್ನದ ಬಣ್ಣದ ಬಿಲ್ಲೆ. ಮೂರನೆಯದು ಬೂದಿ ಬಣ್ಣದ ಸಪೂರ ಕಡ್ಡಿ. ಅದನ್ನು ನೋಡಿ ನಾನು ಮೈಕಿನ ಜೊತೆ ಕೊಟ್ಟ ಟಾರ್ಚು ಅಂದುಕೊಂಡೆ.

“ಇವು ಉಣ್ಣೂ ಮೈಕ್ರಿ ಅಕ್ಕಾ,” ಎಂದ ರಫೀಕ. “ನಿಮ್ಮ ಹಳೇದು ಉಪವಾಸ ಇದ್ರೂ ದುಡೀತಿತ್ತು. ಇವಕ್ಕ ತಂತಿಯೊಳಗ ನಲವತ್ತೆಂಟು ವೋಲ್ಟ್ ಕೊಡಬೇಕು. ಕರೆಂಟ್ ಇಲ್ಲಾಂದ್ರ ಕಿವಿ ಬಿಚ್ಚಂಗಿಲ್ಲ. ಬಿಚ್ಚಿದ್ರ ಮಾತ್ರ ಇರುವಿ ಹೋಗೂದೂ ಕೇಳಸ್ತಾವ.”

ಇರುವೆ ಕೇಳಿಸಲಿಲ್ಲ, ಉಳಿದದ್ದೆಲ್ಲ ಕೇಳಿಸಿತು. ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡಾಗ ನನ್ನ ಸ್ಟುಡಿಯೋದಲ್ಲಿ ಇಷ್ಟೊಂದು ಜನ ವಾಸವಾಗಿದ್ದಾರೆಂದು ನನಗೆ ಗೊತ್ತಾಯಿತು. ಮೇಲಿನ ಪಾರಿವಾಳ, ಪಕ್ಕದ ಮನೆಯ ಕುಕ್ಕರು, ಫ್ಯಾನಿನ ನರಳಾಟ, ನೀಲಾಳ ಹೊಟ್ಟೆಯ ಗುಡುಗುಡು. ಮನೆಯಲ್ಲಿದ್ದ ಹಳೆಬಟ್ಟೆಯ ಕೌದಿಗಳನ್ನೆಲ್ಲ ತಂದು, ಸದ್ದು ಹೀರಲಿ ಎಂದು ಗೋಡೆಗೆ ತೂಗುಹಾಕಿದೆವು. ಫ್ಯಾನು ಬಂದ್ ಮಾಡಿದೆವು. ಬಾಯಿಂದ ಹೊರಡುವ ‘ಪ’ಕಾರ ‘ಬ’ಕಾರಗಳ ಗಾಳಿ ಮೈಕಿಗೆ ಬಡಿಯದ ಹಾಗೆ, ಕಸೂತಿ ಹಾಕುವ ಬಳೆಗೆ ನನ್ನ ಹಳೆಯ ನೈಲಾನ್ ಸೀರೆಯ ತುಂಡು ಬಿಗಿದು ಮುಂದೆ ನಿಲ್ಲಿಸಿದೆವು. ನೀಲಾ ಬೆವರುತ್ತ ಒಂದು ಗೇಣು ದೂರದಲ್ಲಿ ನಿಂತು ಹಾಡಿದಳು. ಗದಿಗೆಪ್ಪ ಮಾಸ್ತರರು ಹಾರ್ಮೋನಿಯಂ ಹಿಡಿದರು. ಮಾಸ್ತರರು ಬ್ರಹ್ಮಚಾರಿ, ಊರಲ್ಲಿ ಈ ವಯಸ್ಸಿನಲ್ಲೂ ತನ್ನದೇ ದನಿ ಉಳಿಸಿಕೊಂಡ ಕೆಲವೇ ಜನರಲ್ಲಿ ಒಬ್ಬರು. ಅದರ ಸೊಕ್ಕು ಅವರಿಗೆ ಸಾಕಷ್ಟಿತ್ತು.

ಬೆಳ್ಳಿಯದು ಮೊದಲೇ ಬಿದ್ದುಹೋಯಿತು. ಅದರಲ್ಲಿ ಪ್ರತಿಯೊಂದು ‘ಸ’ಕಾರವೂ ಹೆಡೆ ಎತ್ತಿ ಬುಸ್ಸೆನ್ನುತ್ತಿತ್ತು. ಕರಿಯದನ್ನು ಹಚ್ಚಿದೆವು. ನೀಲಾಳ ದನಿ ಬೆಲ್ಲದ ಪಾಕವಾಗಿ, ಅದರ ಮೇಲೆ ತುಪ್ಪ ಬಿದ್ದು, ಬೆಚ್ಚಗೆ ಕಿವಿಗೆ ಇಳಿಯಿತು. ಅವಳೇ ಹೆಡ್‌ಫೋನ್ ಹಾಕಿಕೊಂಡು ಕೇಳಿ ತನ್ನ ಕೆನ್ನೆ ತಾನೇ ಮುಟ್ಟಿಕೊಂಡಳು.

ಆಮೇಲೆ ಬೂದಿಕಡ್ಡಿ. ಅದರಲ್ಲಿ ಹಾರ್ಮೋನಿಯಂ ಹಾರ್ಮೋನಿಯಮ್ಮೇ ಆಗಿ ಬಂತು. ತಿದಿಯ ಉಸಿರು, ಮಾಸ್ತರರ ಉಗುರು ಸ್ವರದ ಮನೆಗಳಿಗೆ ತಾಗುವ ಟಕಟಕ, ಎಲ್ಲ. ಮಾಸ್ತರರು ತಲೆದೂಗಿ, “ಕರೀದರಾಗ ನನ್ನ ಪೆಟಿಗಿ ಕಂಬಳಿ ಹೊತ್ತು ಮಲಗಿತ್ತು. ಇದರಾಗ ಎದ್ದು ಕುಂತೈತಿ,” ಎಂದರು. ಆದರೆ ನೀಲಾ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಬಿಸಾಕಿದಳು.

“ಇದು ಸುಳ್ಳ ಹೇಳ್ತೈತಿ! ನಾ ಮೂಗಿನ್ಯಾಗ ಹಾಡ್ತೀನೇನ್ರಿ?”

ನಾವು ಮೂವರೂ ಬೇರೆ ಬೇರೆ ಕಡೆ ನೋಡಿದೆವು. ಅವಳು ಮೂಗಿನಲ್ಲೇ ಹಾಡುತ್ತಿದ್ದಳು. ಬಹಳವಲ್ಲ, ಮೇಲಿನ ಸ್ವರಕ್ಕೆ ಹತ್ತುವಾಗ ಒಂದಿಷ್ಟು. ಊರಿಗೆಲ್ಲ ಗೊತ್ತಿದ್ದ ಮಾತು. ಅದನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯ ಅಲ್ಲಿಯವರೆಗೆ ಯಾರಿಗೂ ಬಿದ್ದಿರಲಿಲ್ಲ.

ಅದೇ ಹೊತ್ತಿಗೆ ಅಡಿವೆಪ್ಪ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಗಿರ್ಮಿಟ್ಟು, ಮಿರ್ಚಿ ಭಜಿಯ ಡಬ್ಬಿ. ಅಜ್ಜಿ ಕಳಿಸಿದ್ದಳು. ತಿನ್ನಲಿ ಎಂದಲ್ಲ, ತನಗೆ ಬರಬೇಕಾದ ಸಾಮಾನು ಎಲ್ಲಿ ಸವೆಯುತ್ತಿದೆಯೋ ನೋಡಿಕೊಂಡು ಬಾ ಎಂದು. ಅವನು ಅದನ್ನು ಹಾಗೆಯೇ ಹೇಳಿದ. “ಭಾಳ ಹಾಡಸಬ್ಯಾಡ್ರಿ ಅಂದ್ಲು ನಮ್ಮಜ್ಜಿ. ದನಿ ಸವದೀತು ಅಂತ.” ಹೇಳಿ ತಾನೇ ನಾಚಿ ನೆಲ ನೋಡಿದ. ನಾಚಿದರೂ ಆ ದನಿಗೆ ಕೌದಿಗಳು ಅಲ್ಲಾಡಿದವು.

ರಫೀಕನ ಕಣ್ಣು ಮಿನುಗಿತು. ಮೈಕಿನವರಿಗೆ ಇಂಥ ದನಿ ಸಿಕ್ಕರೆ ಹಕೀಮನಿಗೆ ಅಪರೂಪದ ರೋಗಿ ಸಿಕ್ಕ ಹಾಗೆ. ಅಡಿವೆಪ್ಪನನ್ನು ಎಳೆದು ಮೈಕಿನ ಮುಂದೆ ನಿಲ್ಲಿಸಿ, “ಒಂದ ಸವಾಲು ಹಾಕ್ರಿ ಅಣ್ಣಾ,” ಎಂದ. ಅಡಿವೆಪ್ಪ ಹಾಕಿದ. ಇಲ್ಲದ ಮೆಣಸಿನಕಾಯಿ ಚೀಲಗಳಿಗೆ, ಇಲ್ಲದ ವ್ಯಾಪಾರಿಗಳ ಮುಂದೆ, ಕೈ ಮೇಲೆತ್ತಿ ಕೂಗಿದ. ಬೆಳ್ಳಿಯದರಲ್ಲಿ ಕೇಳಿ ನನ್ನ ಹಲ್ಲು ಜುಮ್ಮೆಂದವು. ಕರಿಯದರಲ್ಲಿ ಅವನ ದನಿ ಕೆಸರಿಗೆ ಬಿದ್ದ ಎಮ್ಮೆಯ ಹಾಗೆ ಮುಳುಗಿತು. ಬೂದಿಯದರಲ್ಲಿ ಮಾತ್ರ ಅಡಿವೆಪ್ಪ ಅಡಿವೆಪ್ಪನಾಗಿಯೇ ಇದ್ದ. ದನಿಯ ಬಿರುಕು, ಬಿರುಕಿನ ಒಳಗಿನ ಉಸಿರು, ಕೊನೆಯ ಬೆಲೆ ಹೇಳುವ ಮುಂಚೆ ಅವನು ಒಂದು ಕ್ಷಣ ತಡೆಯುತ್ತಿದ್ದದ್ದು, ಎಲ್ಲ ಅಲ್ಲಿತ್ತು.

ಅವನಿಗೆ ಕೇಳಿಸಿದೆವು. ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೇಳಿದ.

“ಇದು ನಂದೇನ್ರಿ?”

“ನಿಂದಲ್ಲದ ಮತ್ಯಾರದಪ್ಪ,” ಎಂದೆ.

ಹೆಡ್‌ಫೋನ್ ತೆಗೆದಿಟ್ಟ. ಆಮೇಲೆ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಕೇಳಿದ: “ಅಕ್ಕಾರ, ನಂದೂ ಒಂದೀಟು ಹಿಡದಿಡಾಕ ಬರತೈತೇನ್ರಿ?”

ನೀಲಾಗೆ ನಗೆ ತಡೆಯಲಾಗಲಿಲ್ಲ. ಮೂಗಿನ ಸಿಟ್ಟು ಇನ್ನೂ ಆರಿರಲಿಲ್ಲ ಬೇರೆ. “ನಿಮ್ಮದ್ಯಾಕ್ರಿ? ಯಾರು ಕೇಳ್ತಾರ, ಮೆಣಸಿನಕಾಯಿ?” ಎಂದಳು. ಮಾಸ್ತರರು ನಕ್ಕರು. ರಫೀಕ ನಕ್ಕ. ನಾನೂ ನಕ್ಕೆ, ನಮ್ಮವರ ದನಿಯಲ್ಲಿ, ಕೆಮ್ಮು ಬರುವವರೆಗೆ. ಅಡಿವೆಪ್ಪನೂ ನಕ್ಕಂತೆ ಮಾಡಿ ಹೊರಟುಹೋದ. ಗಿರ್ಮಿಟ್ಟಿನ ಡಬ್ಬಿ ಅಲ್ಲೇ ಉಳಿಯಿತು. ಖಾರ ಹೆಚ್ಚಾಗಿತ್ತು. ಆದರೂ ಅವನು ಹೋದ ಮೇಲೆ ತಿಂದು ಡಬ್ಬಿ ಖಾಲಿ ಮಾಡಿದೆವು.

ನೀಲಾ ಕರಿಯದನ್ನೇ ಆರಿಸಿದಳು. ಗಿರಾಕಿಯ ಇಷ್ಟ. ಬೆಲ್ಲ ಬೇಕೆಂದವರಿಗೆ ಬೆಲ್ಲ ಕೊಡುವುದು ಅಂಗಡಿ ಧರ್ಮ. ಮದುವೆ ಸಮೀಪ ಬಂದ ಹಾಗೆ ದಿನಾ ಬಂದು ಹಾಡಿದಳು. ಹಾಡುಗಳೂ ಅವಳ ಮನೆಯವೇ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸರು ಹೇಳಿಕೊಳ್ಳುವ ಪದಗಳು, ಅವ್ವ ಬೀಸುವಾಗ ಹೇಳುತ್ತಿದ್ದವು. ಎಲ್ಲ ಚೆನ್ನಾಗಿ ಬಂದವು. ನಾನು ಪೆನ್‌ಡ್ರೈವಿಗೆ ಹಾಕಿ, ಮೇಲೆ ಕೆಂಪು ರಿಬ್ಬನ್ ಕಟ್ಟಿ ಕೊಟ್ಟೆ. ರಫೀಕ ಮದುವೆಯ ಹಿಂದಿನ ಸಂಜೆ ಬಂದು, ನಾನು ಇಟ್ಟುಕೊಳ್ಳುವ ಒಂದನ್ನು ಬಿಟ್ಟು ಉಳಿದೆರಡನ್ನು ಒಯ್ಯುವುದೆಂದು ಮಾತಾಗಿತ್ತು.

ಆ ದಿನ ಮಧ್ಯಾಹ್ನ ನಾನು ಮದುವೆಗೆ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಬಾಗಿಲು ದೂಡಿಕೊಂಡು ಒಂದು ಹಳದಿ ಆಕೃತಿ ಒಳಗೆ ಬಂತು. ಅರಿಷಿಣ ಹಚ್ಚಿಸಿಕೊಂಡು ಕೂತಿದ್ದ ಮದುಮಗಳು ಹಾಗೆಯೇ ಎದ್ದು ಓಡಿಬಂದಿದ್ದಳು. ಮುಖ, ಕುತ್ತಿಗೆ, ಕೈಕಾಲು, ಎಲ್ಲ ಅರಿಷಿಣ. ಕಣ್ಣೀರು ಹರಿದ ಜಾಗದಲ್ಲಿ ಮಾತ್ರ ಎರಡು ಗೆರೆ ಬಿಳಿ.

“ಆ ಸಪೂರಂದು ಐತೇನ್ರಿ? ಕೊಟ್ಟ ಕಳಿಸಿದ್ರೇನು?”

“ಐತಿ. ಏನಾತ? ಕುಂದರು ಮೊದಲ. ಅಯ್ಯ, ಕುರ್ಚಿ ಮ್ಯಾಲ ಬ್ಯಾಡ!”

ಆಗಿದ್ದು ಇಷ್ಟು. ಅರಿಷಿಣದ ಶಾಸ್ತ್ರಕ್ಕೆ ಬಂದ ನೆಂಟರಿಗೆಲ್ಲ ಹಾಡು ಕೇಳಿಸಿದ್ದಾರೆ. ಎಲ್ಲರೂ ಹೊಗಳಿದ್ದಾರೆ. ಒಲೆಯ ಮುಂದಿದ್ದ ಸಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ನಿಂತು, ಒಂದು ಹಾಡನ್ನು ಪೂರ್ತಿ ಕೇಳಿ, “ಭಾಳ ಚಲೋ ಐತಿ. ಯಾರ ಹಾಡ್ಯಾರ?” ಎಂದಿದ್ದಾಳೆ.

“ಚ್ಯಾಷ್ಟಿ ಮಾಡಿರಬೇಕು,” ಎಂದೆ.

“ನಮ್ಮವ್ವ ಚ್ಯಾಷ್ಟಿ ಮಾಡಾಕಿ ಅಲ್ರಿ. ಖರೇನ ಕೇಳಿದ್ಲು. ನಾನ ಬೇ ಅಂದೆ. ಹೌದಾ ಅಂದು ಒಳಗ ಹೋದ್ಲು. ಹೆತ್ತಾಕಿಗೆ ಗುರ್ತು ಹತ್ತಲಿಲ್ಲಂದ್ರ ನಾ ಯಾರ ದನಿ ಇಟ್ಟಂಗಾತ್ರಿ ಅಕ್ಕಾರ? ಮೂಗಿರ್ಲಿ. ಮೂಗು ಬೇಕು ನಂಗ. ನಡ್ರಿ, ಸಂಜಿಗೆ ನನ್ನ ದೇವರ ಮನ್ಯಾಗ ಕುಂದರಸ್ತಾರ. ಆಮ್ಯಾಲ ಹೊರಗ ಬಿಡಂಗಿಲ್ಲ.”

ಮಾಸ್ತರರನ್ನು ಊಟದ ನಡುವೆ ಎಬ್ಬಿಸಿ ಕರೆಸಿದೆ. ಬೂದಿಕಡ್ಡಿಯನ್ನು ಸ್ಟ್ಯಾಂಡಿಗೆ ಬಿಗಿದು, ಫ್ಯಾನು ಬಂದ್ ಮಾಡಿ, ಕೌದಿ ಸರಿಮಾಡಿದೆ. ನೀಲಾ ಮೊದಲ ಹಾಡಿನ ಮೊದಲ ಸಾಲು ಎತ್ತಿದಳು. ಢಬ್ ಎಂದು ಎಲ್ಲೋ ಸಿಡಿದ ಸದ್ದು. ಕರೆಂಟು ಹೋಯಿತು.

ಹೊರಗೆ ಬಂದು ವಿಚಾರಿಸಿದರೆ ಮದುವೆ ಮನೆಯ ಬಣ್ಣದ ದೀಪಗಳ ಸೀರಿಯಲ್ ಸೆಟ್ಟಿಗೆ, ಕಮಾನಿಗೆ, ತಿರುಗುವ ನವಿಲಿಗೆ ಎಲ್ಲ ಒಟ್ಟಿಗೆ ಕರೆಂಟು ಕೊಟ್ಟು ಓಣಿಯ ಟ್ರಾನ್ಸ್‌ಫಾರ್ಮರು ಸುಟ್ಟಿತ್ತು. ನೀಲಾಳ ಮದುವೆಯೇ ನೀಲಾಳ ಹಾಡಿಗೆ ಅಡ್ಡ ಬಂದಿತ್ತು. ಲೈನ್‌ಮನ್ ನಾಳೆ ಅಂದ. ನನ್ನ ಬ್ಯಾಟರಿ ಡಬ್ಬಿ ಕಂಪ್ಯೂಟರನ್ನು ನೆಟ್ಟಗೆ ಮುಚ್ಚುವಷ್ಟು ಹೊತ್ತು ಬಾಳುವಂಥದ್ದು. ಮಾಸ್ತರರು, “ಹಳೇ ಮೈಕಿನ್ಯಾಗ ಮೊಬೈಲಿಗೆ ಹಾಡಿಬಿಡವ್ವ, ಅದಕ್ಕ ಕರೆಂಟ ಬೇಕಾಗಿಲ್ಲ,” ಎಂದರು. ನೀಲಾ ಅವರತ್ತ ನೋಡಿದ ನೋಟಕ್ಕೆ ಅವರು ಹಾರ್ಮೋನಿಯಂ ಒರೆಸತೊಡಗಿದರು.

“ಪೇಟೆಯೊಳಗ ಜನರೇಟರ್ ಐತಿ,” ಎಂದೆ ನಾನು. “ತುಂಗವ್ವನ ಅಂಗಡ್ಯಾಗ.”

ನೀಲಾ ತುಟಿ ಕಚ್ಚಿದಳು. ಅವಳು ನಕ್ಕ ದಿನದಿಂದ ಅಡಿವೆಪ್ಪ ಈ ಕಡೆ ಸುಳಿದಿರಲಿಲ್ಲ. ಕೊನೆಗೆ ನನ್ನ ಫೋನು ಕಸಿದುಕೊಂಡು ಮೂಲೆಗೆ ಹೋದಳು. ಫೋನಿನ ಮೇಲೂ ಅರಿಷಿಣ ಹತ್ತಿತು. “ಹಲೋ. ನಾನ್ರೀ.” ಆಮೇಲೆ ಏನು ಹೇಳಿದಳೋ, ನನಗೆ ಕೇಳಿಸಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಅಡಿವೆಪ್ಪ ಬಂದ. ಅವನೂ ಅರಿಷಿಣದಲ್ಲಿ ಮುಳುಗಿದ್ದ. ಬರಿಮೈ, ಟೊಂಕಕ್ಕೆ ಹಳೆಯ ಧೋತರ, ಹಿಂದೆ ನಾಲ್ಕು ಹಮಾಲರು, ತಳ್ಳುಗಾಡಿಯ ಮೇಲೆ ಜನರೇಟರು. ಮದುಮಕ್ಕಳು ಅರಿಷಿಣದಲ್ಲಿ ಒಬ್ಬರನ್ನೊಬ್ಬರು ನೋಡಬಾರದಂತೆ. ಇಬ್ಬರೂ ಅದು ಮರೆತವರ ಹಾಗೆ ನಿಂತರು. ಎರಡು ಮಾವಿನ ಹಣ್ಣು ಎದುರುಬದುರು ಇಟ್ಟ ಹಾಗಿತ್ತು.

ಜನರೇಟರು ಚಾಲೂ ಮಾಡಿದರು. ಕರೆಂಟು ಬಂತು. ನಾನು ಹೆಡ್‌ಫೋನ್ ಹಾಕಿಕೊಂಡೆ. ರಾಕ್ಷಸ ಗೊರಕೆ ಹೊಡೆದ ಹಾಗೆ ಕಿವಿ ತುಂಬ ಜನರೇಟರು. ಬಂದ್ ಮಾಡಿಸಿ ಓಣಿಯ ತುದಿಗೆ ದೂಡಿಸಿದೆ. ಇನ್ನೂ ಕೇಳುತ್ತಿತ್ತು. ಆ ಬೂದಿಕಡ್ಡಿಗೆ ನಾಚಿಕೆ ಮರ್ಯಾದೆ ಎರಡೂ ಇಲ್ಲ, ಏನು ಹೇಳಿದರೂ ಕೇಳಿಸಿಕೊಳ್ಳುತ್ತದೆ. ಮದುವೆ ಮನೆಯ ಪೆಂಡಾಲಿನವನ ತಂತಿಯ ಸುರುಳಿಗಳನ್ನೆಲ್ಲ ಅಡಿವೆಪ್ಪ ಕೇಳದೆಯೇ ತಂದ. ಹಮಾಲರು ಗಾಡಿಯನ್ನು ಆಚೆ ಓಣಿಗೆ, ಅದರಾಚೆಗೆ, ಕೊನೆಗೆ ಹುಣಸೆಮರದ ಗಿರಣಿಯ ಹಿಂದಕ್ಕೆ ದೂಡಿದರು. ತಂತಿ ಮಾಳಿಗೆಯಿಂದ ಮಾಳಿಗೆಗೆ ದಾಟಿತು. ಹಪ್ಪಳ ಒಣಗಿಸುತ್ತಿದ್ದ ಹೆಂಗಸರು ತಮ್ಮ ಗಂಡಂದಿರ ದನಿಯಲ್ಲಿ ಬಾಯಿಗೆ ಬಂದ ಹಾಗೆ ಬೈದರು. ಅಡಿವೆಪ್ಪ ಮಾಳಿಗೆಯ ಮೇಲೆ ಕೈಮುಗಿಯುತ್ತ, ಹಪ್ಪಳ ದಾಟುತ್ತ ಓಡಾಡಿದ.

ಎಲ್ಲ ಸರಿಯಾದ ಮೇಲೆ ಅವನು ಬಾಗಿಲಿಗೆ ಬಂದು ನಿಂತ. ಉಸಿರು ಮೇಲುಕೆಳಗಾಗುತ್ತಿತ್ತು.

“ಅವತ್ತ ನಾ ನಗಬಾರದಿತ್ತು,” ಎಂದಳು ನೀಲಾ.

“ಇರ್ಲಿ ಬಿಡ್ರಿ. ಈಗ ಹಾಡ್ರಿ. ಡೀಸೆಲ್ ಒಂದ ತಾಸು ಬರತೈತಿ.”

“ನೀವು ಕುಂದರ್ರಿ, ಕೇಳ್ರಿ.”

“ನಾ ಕುಂತ್ರ ಓಣಿ ಸುಮ್ಮನಿಡಾವ್ರು ಯಾರು?” ಎಂದು ಹೊರಟವನು ತಿರುಗಿ, “ಆ ಮೂಗಿಂದು ಬಿಡಬ್ಯಾಡ್ರಿ. ನಾ ಕನ್ಯಾ ಒಪ್ಪಿದ್ದ ಅದಕ್ಕ,” ಎಂದ. ಹೇಳಿದ್ದಕ್ಕೆ ಹೆದರಿ ಓಡಿಯೇ ಹೋದ.

ನೀಲಾ ಹಾಡಿದಳು. ಉಸಿರು ತೆಗೆದುಕೊಳ್ಳುವುದು ಕೇಳಿತು, ಒಮ್ಮೆ ತುಟಿ ಒಣಗಿದ್ದು ಕೇಳಿತು. ಮೇಲಿನ ಸ್ವರಕ್ಕೆ ಹತ್ತುವಾಗ ಮೂಗು ಬಂತು. ಅವಳು ಅದನ್ನು ಮುಚ್ಚಿಡಲಿಲ್ಲ. ಖಾನಾವಳಿಯಲ್ಲಿ ಹೊಗೆಯ ನಡುವೆ ಕೂತು ಹಾಡಿದ ಹಾಗೇ ಇತ್ತು. ಬೆಲ್ಲ ಇರಲಿಲ್ಲ, ರೊಟ್ಟಿ ಇತ್ತು. ನಾನು ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಮೀಟರಿನ ಮೇಲೆ ಇಟ್ಟು ಕೂತಿದ್ದೆ. ಒಂದೊಂದೇ ಹಾಡು ಮುಗಿದವು. ಹೊರಗೆ ಒಂದು ನಾಯಿಯೂ ಬೊಗಳಲಿಲ್ಲ.

ಕೊನೆಯದು ಬೀಸುವ ಪದ. ನಡುವೆ ಒಂದು ಕಡೆ ಹಾರ್ಮೋನಿಯಂ ನಿಂತು, ಅವಳೂ ತಡೆದು, ಮತ್ತೆ ಎತ್ತಿಕೊಳ್ಳಬೇಕು. ಆ ತಡೆದ ಜಾಗದಲ್ಲಿ, ದೂರದಲ್ಲಿ, ಎರಡು ಮೂರು ಓಣಿಗಳಾಚೆಯಿಂದ, ಹರಿದ ತಗಡು ಕೇಳಿತು:

“ಲೇ, ಗಾಡಿ ನಿಂದರಸಲೇ! ನಾಳಿಗೆ ನನ್ನ ಹೇಣ್ತಿ ಆಗಾಕಿ ಹಾಡಾಕತ್ತಾಳ!”

ಮಾಸ್ತರರು ನನ್ನತ್ತ ನೋಡಿದರು. ನಾನು ನಿಲ್ಲಿಸಲೇ ಎಂದು ಕೈ ಎತ್ತಿದೆ. ನೀಲಾ ಬೇಡವೆಂದು ತಲೆಯಾಡಿಸಿ ಮುಂದಿನ ನುಡಿ ಎತ್ತಿಕೊಂಡಳು. ಹಾಡುವಾಗ ನಗು ಬಂದರೆ ಅದೂ ಕೇಳುತ್ತದೆ. ಅದು ಆ ನುಡಿಯ ತುಂಬ ಇದೆ. ಕೊನೆಯ ಸಾಲು ಮುಗಿದು ಸ್ವಲ್ಪ ಹೊತ್ತಿಗೆ ದೀಪ ಮಿಣುಕಿ ಆರಿತು. ಡೀಸೆಲ್ ಮುಗಿದಿತ್ತು. ಕತ್ತಲ ಕೋಣೆಯಲ್ಲಿ ಮಾಸ್ತರರು, “ನನ್ನ ಜನ್ಮದಾಗ ಇಂಥಾ ತಬಲಾ ಸಾಥ್ ಕೇಳಿರಲಿಲ್ಲ,” ಎಂದರು. ಕೌದಿಗಳಿಗೆ ಹತ್ತಿದ ಅರಿಷಿಣ ಇವತ್ತಿಗೂ ಹೋಗಿಲ್ಲ.

ಸಂಜೆ ರಫೀಕ ಬಂದ. ಬೆಳ್ಳಿಯದನ್ನೂ ಕರಿಯದನ್ನೂ ಅವನ ಕೈಗಿಟ್ಟೆ. ಅವನಿಗೆ ಸಮಾಧಾನವಾಗಲಿಲ್ಲ. “ಎಲ್ಲಾರೂ ಕರೀದು ತಗೋತಾರ್ರಿ ಅಕ್ಕಾ. ಕೇಳಾವ್ರಿಗೆ ಖುಷಿ ಆಗ್ತೈತಿ.”

“ಖುಷಿ ಆಗ್ತೈತಪ್ಪ. ಗುರ್ತು ಹತ್ತಂಗಿಲ್ಲ,” ಎಂದೆ. ಮದುವೆ ಊಟಕ್ಕೆ ಇರು ಎಂದರೆ ಅವನು ಕೊನೆಯ ಬಸ್ಸು ಹಿಡಿಯಲು ಓಡಿದ. ನಾಳೆ ಊರಲ್ಲಿ ಅಕ್ಕಿಕಾಳು ಹಾರಾಡುವುದಿತ್ತಲ್ಲ.

ಮದುವೆ ನಡೆಯಿತು. ಅಕ್ಷತೆ ಬಿತ್ತು. ಹೆಸರು ಹೇಳುವ ಶಾಸ್ತ್ರದಲ್ಲಿ ನೀಲಾ ಗಂಡನ ಹೆಸರು ಹೇಳಿದ ಹೊಡೆತಕ್ಕೆ ಮುಂದಿನ ಸಾಲಿನ ಮಕ್ಕಳು ಬೆಚ್ಚಿ ಅತ್ತವು. ಅಡಿವೆಪ್ಪ ಹೆಂಡತಿಯ ಹೆಸರು ಹೇಳಿದಾಗ ಇಡೀ ಪೆಂಡಾಲು ‘ಆಹಾ’ ಎಂದಿತು. ತುಂಗವ್ವ ಸುತ್ತಲೂ ನೋಡಿ ಗೆದ್ದವಳ ಹಾಗೆ ಎಲೆಯಡಿಕೆ ಹಾಕಿಕೊಂಡಳು.

ಗೆಲುವು ಪೇಟೆಯಲ್ಲಿ ನಿಲ್ಲಲಿಲ್ಲ. ಅಡಿವೆಪ್ಪ ಹೊಸ ದನಿಯಲ್ಲಿ ಸವಾಲು ಕೂಗಿದರೆ ವ್ಯಾಪಾರಿಗಳು ಬಾಯಿ ತೆರೆದು ಕೇಳುತ್ತ ನಿಂತರೇ ಹೊರತು ಬೆಲೆ ಏರಿಸಲಿಲ್ಲ. ಒಬ್ಬ ಮುದುಕ ಚೀಲಕ್ಕೆ ಒರಗಿ ನಿದ್ದೆಯನ್ನೇ ಮಾಡಿದ. ತುಂಗವ್ವ ತಲೆ ಮೇಲೆ ಕೈ ಹೊತ್ತು ಕೂತಳು. ಒಂದು ವಾರ ನೋಡಿ ನೀಲಾ ಸೆರಗು ಸಿಕ್ಕಿಸಿಕೊಂಡು ಸವಾಲಿನ ಕಟ್ಟೆ ಹತ್ತಿದಳು. ದನಿ ಅಡಿವೆಪ್ಪನದೇ, ಉಸಿರು ಹಿಡಿಯುವುದು ಮಾತ್ರ ಹಾಡುಗಾರ್ತಿಯದು. ಕೊನೆಯ ಬೆಲೆಯನ್ನು ಅವಳು ಎಳೆದು ಎಳೆದು ಗಾಳಿಯಲ್ಲಿ ನಿಲ್ಲಿಸಿದರೆ ಎದುರಿಗಿದ್ದವರು ಬೆವತು ಕೈ ಎತ್ತುತ್ತಿದ್ದರು. ಹಾಡು ಮಾತ್ರ ಅವಳಿಂದ ಆಗಲಿಲ್ಲ. ನನ್ನಲ್ಲಿಗೆ ಬಂದು ಒಮ್ಮೆ ಪ್ರಯತ್ನಿಸಿದಳು. ಮಾಸ್ತರರು ಶ್ರುತಿ ಎಷ್ಟು ಇಳಿಸಿದರೂ ಹೊಂದಲಿಲ್ಲ. ಆ ದಿನ ಅವಳು ಹಾಡು ನಡುವೆಯೇ ಬಿಟ್ಟು ಎದ್ದುಹೋದಳು. ನಾನೂ ತಡೆಯಲಿಲ್ಲ. ಅದಕ್ಕೆ ಹೇಳುವಂಥ ಮಾತು ಯಾವ ದನಿಯಲ್ಲೂ ಇಲ್ಲ.

ಅಡಿವೆಪ್ಪ ಪೇಟೆ ಬಿಟ್ಟು ಅತ್ತೆಯ ಖಾನಾವಳಿಗೆ ಹೋದ. ಬಿಸಿಲಲ್ಲೂ ಕೊರಳಿಗೆ ಮಫ್ಲರು ಸುತ್ತಿಕೊಳ್ಳುತ್ತಾನೆ, ತಣ್ಣೀರು ಮುಟ್ಟುವುದಿಲ್ಲ. ಹೆಂಡತಿಯ ದನಿ ಕೆಡಬಾರದಲ್ಲ. ಗಿರಾಕಿಗಳಿಗೆ ಅವತ್ತಿನ ಪಲ್ಯ ಏನೇನಿದೆ ಎಂದು ಹೇಳುವುದು ಅವನ ಕೆಲಸ. ಪಲ್ಯ ಮಾಡಿದವಳೇ ಆದ ಸಾವಂತ್ರವ್ವ ಒಲೆಯ ಮುಂದಿನಿಂದ ದಿನಕ್ಕೆ ಎಷ್ಟೋ ಸಲ “ಇವತ್ತೇನ ಪಲ್ಯಾ?” ಎಂದು ಕೇಳುತ್ತಾಳೆ. ಅವನು ಪ್ರತಿ ಸಲವೂ ಮೊದಲಿಂದ ಹೇಳುತ್ತಾನೆ.

ದಸರೆಯ ಹೊತ್ತಿಗೆ ತುಂಗವ್ವ ಬೀಗರನ್ನೆಲ್ಲ ಊಟಕ್ಕೆ ಕರೆದಳು. ನನ್ನನ್ನೂ ಕರೆದಳು. ಊಟವಾದ ಮೇಲೆ, ತಾನು ಇಷ್ಟೆಲ್ಲ ಓಡಾಡಿ ತಂದ ದನಿಯ ರೆಕಾರ್ಡಿಂಗನ್ನು ತಾನೇ ಒಮ್ಮೆಯೂ ಕೇಳಿಲ್ಲ ಎಂದು ಗೊಣಗಿದಳು. ಬೂದಿಕಡ್ಡಿಯಲ್ಲಿ ಹಿಡಿದದ್ದನ್ನು ನಾನು ಹಚ್ಚಿದೆ. ಪಡಸಾಲೆಯಲ್ಲಿ ಎಲ್ಲರೂ ಕೂತು ಕೇಳಿದರು. ಮೊದಲ ಹಾಡಿನ ಮೇಲಿನ ಸ್ವರ ಬಂದಾಗ ಸಾವಂತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಸಲ ಅವಳು ಯಾರು ಹಾಡಿದ್ದೆಂದು ಕೇಳಲಿಲ್ಲ. ನೀಲಾ, ಅಡಿವೆಪ್ಪ ಕಂಬಕ್ಕೆ ಒರಗಿ ಒಟ್ಟಿಗೆ ಕೂತಿದ್ದರು. ಬೀಸುವ ಪದ ಬಂತು. ಹಾರ್ಮೋನಿಯಂ ನಿಂತಿತು. ದೂರದ ಆ ಕೂಗು ಕೇಳಿತು.

ತುಂಗವ್ವ ಕೈ ಎತ್ತಿದಳು. “ತಡೀರಿ, ತಡೀರಿ. ಇಷ್ಟ ಚಲೋ ಹಾಡಿನ್ಯಾಗ ಅದ್ಯಾವ ಕತ್ತೆ ಒದರಿದ್ದು?”

ಅಡಿವೆಪ್ಪ ತಲೆ ತಗ್ಗಿಸಿದ. ನೀಲಾ ಮುಂದೆ ಬಾಗಿ, ಅದೇ ಹರಿದ ದನಿಯಲ್ಲಿ, ಕಂಬ ನಡುಗುವ ಹಾಗೆ ಹೇಳಿದಳು:

“ನಾನ, ಅಜ್ಜಿ. ಯಾಕ, ಚಲೋ ಇಲ್ಲೇನು?”